ಬಚ್ಚಲ ಹಂಡೆಯೂ ವಿದ್ಯುತ್ತಿನ ಲೆಕ್ಕವೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಉಪನ್ಯಾಸ)



ವಾರ್ಷಿಕೋತ್ಸವದ ವೇದಿಕೆಯಲ್ಲಿ ನುಡಿಯ ಹಿರಿಮೆಯನ್ನು ಕುರಿತೋ ನಾಡಿನ ಇತಿಹಾಸವನ್ನು ಕುರಿತೋ ಮಾತನಾಡುವುದು ವಾಡಿಕೆ. ನಾನು ಆರಿಸಿಕೊಂಡಿರುವ ವಿಷಯ ಅವುಗಳ ಮುಂದೆ ಬಹು ಸಾಮಾನ್ಯವಾದುದು. ಬಚ್ಚಲುಮನೆಯ ಗೋಡೆಯಲ್ಲಿ ನೇತಾಡುವ, ನಾವೆಲ್ಲರೂ ಗೀಸರ್ ಎಂದು ಕರೆಯುವ, ನೀರು ಕಾಯಿಸುವ ವಿದ್ಯುತ್ ಪಾತ್ರೆಯನ್ನು ಮಿತವ್ಯಯದಿಂದ ನಡೆಸುವುದು ಹೇಗೆ ಎಂಬುದೇ ಆ ವಿಷಯ. ಇದು ಸಂಘದ ವೇದಿಕೆಗೆ ತಕ್ಕುದೇ ಎಂಬ ಸಂದೇಹ ಕೆಲವರಿಗೆ ಬರಬಹುದು. ತಕ್ಕುದೆಂದೇ ನನ್ನ ನಂಬಿಕೆ. ನಮ್ಮ ತಾಳವಾಡಿ ಬೆಟ್ಟಸೀಮೆಯ ಮನೆಗೆ ಈ ಯಂತ್ರ ಬಂದಾಗ ಅದರೊಡನೆ ಬರುವ ಸೂಚನಾಪುಸ್ತಕ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ; ಅದರ ಖರ್ಚನ್ನು ಹೇಳುವ ಇ.ಬಿ. ಬಿಲ್ಲು ತಮಿಳಿನಲ್ಲಿರುತ್ತದೆ; ಅದರ ಗುಂಡಿಯನ್ನು ಒತ್ತುವ ಗೃಹಿಣಿ ಮಾತ್ರ ಕನ್ನಡದಲ್ಲಿ ಯೋಚಿಸುತ್ತಾಳೆ. ಆಕೆಗೆ ಆಕೆಯ ನುಡಿಯಲ್ಲೇ ಈ ಲೆಕ್ಕವನ್ನು ತಿಳಿಸಿಕೊಡುವುದು ಕನ್ನಡ ಸಂಘದ ಕೆಲಸವಲ್ಲದೆ ಮತ್ತಾರ ಕೆಲಸ?

ಮೊದಲು ಹಿಂದಿನ ಬಚ್ಚಲುಮನೆಯನ್ನು ಸ್ವಲ್ಪ ನೆನೆಯೋಣ. ಒಲೆಯ ಮೇಲೆ ಹೂತಿಟ್ಟ ತಾಮ್ರದ ಹಂಡೆ, ಅದರ ಸುತ್ತ ಮಣ್ಣು ಮೆತ್ತಿದ ಕಟ್ಟೆ, ಪಕ್ಕದಲ್ಲಿ ಪುಳ್ಳೆ ಸೌದೆಯ ರಾಶಿ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ದಿನ ಹುಣಿಸೆಹಣ್ಣು ಹಚ್ಚಿ ಹಂಡೆಯನ್ನು ಬೆಳಗಿ, ಪೂಜೆ ಮಾಡಿ ನೀರು ತುಂಬಿಟ್ಟು, ಮರುದಿನ ನರಕ ಚತುರ್ದಶಿಯ ಅಭ್ಯಂಜನಕ್ಕೆ ನಸುಕಿನಲ್ಲೇ ಉರಿ ಹಾಕುತ್ತಿದ್ದರು. ಆ ಹಂಡೆಯ ಒಡತಿ ಶಾಲೆಯ ಮೆಟ್ಟಿಲು ಹತ್ತಿರದಿದ್ದರೂ ಎಷ್ಟು ನೀರಿಗೆ ಎಷ್ಟು ಸೌದೆ ಎಂಬುದನ್ನು ಕಣ್ಣಳತೆಯಲ್ಲೇ ಅರಿತಿದ್ದಳು. ನೀರು ಹದವಾಗಿ ಕಾದೊಡನೆ ಕೊಳ್ಳಿಯನ್ನು ಹೊರಗೆಳೆದು ಆರಿಸುತ್ತಿದ್ದಳು. ಮಣ್ಣಿನ ಕಟ್ಟೆ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆಂಬುದೂ, ಮುಚ್ಚಳ ತೆರೆದರೆ ನೀರು ಬೇಗ ಆರುತ್ತದೆಂಬುದೂ ಆಕೆಗೆ ಗೊತ್ತಿತ್ತು. ಅಂದರೆ ನೀರು ಕಾಯಿಸುವ ಮಿತವ್ಯಯದ ಶಾಸ್ತ್ರವೆಲ್ಲ ಆ ಬಚ್ಚಲಲ್ಲೇ ಇತ್ತು.

ಹಾಗಿದ್ದ ಮೇಲೆ ಅದೇ ಮನೆಯಲ್ಲಿ ಗೀಸರ್ ಬಂದ ಮೇಲೆ ಅಪವ್ಯಯವೇಕೆ ಹೆಚ್ಚಿತು? ಕಾರಣ ಸರಳವಾದುದು. ಒಲೆಯ ಉರಿ ಕಣ್ಣಿಗೆ ಕಾಣುತ್ತಿತ್ತು. ಈ ಉರಿ ಕಾಣುವುದಿಲ್ಲ. ಸೌದೆಯ ರಾಶಿ ಕರಗುವುದು ದಿನವೂ ತಿಳಿಯುತ್ತಿತ್ತು. ವಿದ್ಯುತ್ತು ಕರಗುವುದು ಎರಡು ತಿಂಗಳಿಗೊಮ್ಮೆ ಬಿಲ್ಲು ಬಂದಾಗ ಮಾತ್ರ ತಿಳಿಯುತ್ತದೆ. ಕಾಣದ ಉರಿಗೆ ಲೆಕ್ಕವೇ ಕಣ್ಣು. ಆ ಲೆಕ್ಕವನ್ನು ಈಗ ತಮ್ಮ ಮುಂದಿಡುತ್ತೇನೆ. ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು.

ಒಂದು ಲೀಟರ್ ನೀರಿನ ಕಾವನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿಸುವ ಕೆಲಸವನ್ನು ಒಂದು ‘ಲೀಟರ್-ಡಿಗ್ರಿ’ ಎಂದು ಕರೆಯೋಣ. ನಮ್ಮ ಮೀಟರಿನಲ್ಲಿ ಓಡುವ ಒಂದು ಯೂನಿಟ್ ವಿದ್ಯುತ್ತು ಸುಮಾರು 860 ಲೀಟರ್-ಡಿಗ್ರಿಗಳಷ್ಟು ಕೆಲಸ ಮಾಡುತ್ತದೆ. ಇದು ಪ್ರಕೃತಿಯ ನಿಯಮ. ಸುರುಳಿಯಿಂದ ಕಾಯಿಸುವ ಯಾವ ಕಂಪನಿಯ ಗೀಸರೂ ಇದನ್ನು ಮೀರಲಾರದು. ಬೆಳಗಿನ ಹೊತ್ತು ತೊಟ್ಟಿಯ ನೀರು 20 ಡಿಗ್ರಿಯಿದೆಯೆಂದೂ, ಸ್ನಾನಕ್ಕೆ 40 ಡಿಗ್ರಿಯ ನೀರು ಹಿತವೆಂದೂ ಹಿಡಿಯೋಣ. ಒಬ್ಬರಿಗೆ 15 ಲೀಟರಿನ ಒಂದು ಬಕೆಟ್ ನೀರಾದರೆ, 15ನ್ನು 20ರಿಂದ ಗುಣಿಸಿದರೆ 300 ಲೀಟರ್-ಡಿಗ್ರಿ. ಅದನ್ನು 860ರಿಂದ ಭಾಗಿಸಿದರೆ ಒಂದು ಯೂನಿಟ್ಟಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಂದರೆ 0.35 ಯೂನಿಟ್.

ಇದು ಅಲ್ಪವೆಂದು ತೋರಬಹುದು. ಆದರೆ ಇಷ್ಟೇ ವಿದ್ಯುತ್ತಿನಿಂದ 9 ವಾಟಿನ ಎಲ್‌.ಇ.ಡಿ. ದೀಪವೊಂದು 38 ಗಂಟೆಗಳಿಗೂ ಹೆಚ್ಚು ಕಾಲ ಉರಿಯುತ್ತದೆ. ಓದುವ ಮಗು ಕೋಣೆಯ ದೀಪವನ್ನು ಆರಿಸದೆ ಹೋದರೆ ನಾವು ಗದರುತ್ತೇವೆ; ಒಂದು ಬಕೆಟ್ ಬಿಸಿನೀರು ಚರಂಡಿಗೆ ಹರಿದರೆ ಸುಮ್ಮನಿರುತ್ತೇವೆ. ಗದರಬೇಕಾದ ಸ್ಥಳ ಯಾವುದೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಐದು ಜನರ ಸಂಸಾರವೊಂದನ್ನು ತೆಗೆದುಕೊಳ್ಳೋಣ. ತಲೆಗೆ 15 ಲೀಟರಿನಂತೆ ದಿನಕ್ಕೆ 1.75 ಯೂನಿಟ್, 60 ದಿನಕ್ಕೆ ಸುಮಾರು 105 ಯೂನಿಟ್. ಅದೇ ಸಂಸಾರ ತಲೆಗೆ 25 ಲೀಟರ್ ಸುರಿದುಕೊಂಡರೆ 60 ದಿನಕ್ಕೆ ಸುಮಾರು 175 ಯೂನಿಟ್. ವ್ಯತ್ಯಾಸ 70 ಯೂನಿಟ್. ಯಂತ್ರ ಅದೇ, ಮನೆ ಅದೇ, ಮೈಯ ಶುಚಿಯೂ ಹೆಚ್ಚುಕಡಮೆ ಅದೇ. ಆದುದರಿಂದ ಮಿತವ್ಯಯದ ಮೊದಲನೆಯ ಸೂತ್ರ ಯಂತ್ರಕ್ಕೆ ಸಂಬಂಧಿಸಿದುದಲ್ಲ, ಬಕೆಟ್ಟಿಗೆ ಸಂಬಂಧಿಸಿದುದು. ಬೇಕಾದಷ್ಟೇ ನೀರು. ಮೇಲಿನಿಂದ ಸುರಿಯುವ ಷವರಿಗಿಂತ ಬಕೆಟ್ಟು ಚೊಂಬುಗಳೇ ಅಳತೆಗೆ ಅನುಕೂಲ, ಏಕೆಂದರೆ ಎಷ್ಟು ತೆಗೆದುಕೊಂಡೆವೆಂಬುದು ಕಣ್ಣಿಗೆ ಕಾಣುತ್ತದೆ.

ಎರಡನೆಯ ಸೂತ್ರ, ಬೇಕಾದಷ್ಟೇ ಬಿಸಿ. ಗೀಸರಿನಲ್ಲಿ ಥರ್ಮೋಸ್ಟಾಟ್ ಎಂಬ ಉಷ್ಣನಿಯಂತ್ರಕವಿರುತ್ತದೆ. ಅದನ್ನು ಅತ್ಯಂತ ಮೇಲಕ್ಕೆ ತಿರುಗಿಸಿಟ್ಟು, ಕೊತಕೊತನೆ ಬಂದ ನೀರಿಗೆ ತಣ್ಣೀರು ಬೆರೆಸುವುದು ಅನೇಕ ಮನೆಗಳ ಪದ್ಧತಿ. ಬೆರೆಸಿದ ನೀರೆಲ್ಲ ಒಡನೆಯೇ ಬಳಕೆಯಾದರೆ ಇದರಿಂದ ಹೆಚ್ಚು ನಷ್ಟವಿಲ್ಲ. ಆದರೆ ಎಲ್ಲರ ಸ್ನಾನ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದ ಸುಡುನೀರು ಯಾರಿಗೂ ಉಪಯೋಗವಾಗದೆ ಆರಿಹೋಗುತ್ತದೆ. ಹೆಚ್ಚು ಬಿಸಿಯಾದುದು ಹೆಚ್ಚು ಬೇಗ ಕಾವನ್ನು ಕಳೆದುಕೊಳ್ಳುತ್ತದೆ. 15 ಲೀಟರಿನ ಪಾತ್ರೆಯನ್ನು 60 ಡಿಗ್ರಿಗೆ ಕಾಯಿಸಿದರೆ ತಣ್ಣೀರು ಬೆರೆಸಿ 30 ಲೀಟರ್ ಸ್ನಾನದ ನೀರಾಗುತ್ತದೆ, ಇಬ್ಬರಿಗೆ ಸಾಕು. ಒಬ್ಬರೇ ಸ್ನಾನ ಮಾಡುವುದಾದರೆ 50 ಡಿಗ್ರಿಯೇ ಧಾರಾಳ. ಇನ್ನೊಂದು ಮಾತು. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಮಗುವಿನ ಚರ್ಮವನ್ನು ಸುಡಬಲ್ಲುದು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬ ಕ್ರಮವನ್ನು ಮಕ್ಕಳಿರುವ ಮನೆಯಲ್ಲಿ ಎಂದಿಗೂ ತಪ್ಪಬಾರದು. ಹಲವು ದಿನ ಮನೆಗೆ ಬೀಗ ಹಾಕಿ ಹೋಗಿ ಬಂದಾಗ ಮಾತ್ರ, ಪಾತ್ರೆಯಲ್ಲಿ ನಿಂತ ನೀರನ್ನು ಹೊರಬಿಟ್ಟು, ಹೊಸ ನೀರನ್ನು ಒಮ್ಮೆ 60 ಡಿಗ್ರಿಯವರೆಗೆ ಕಾಯಿಸಿ ಬಳಸುವುದು ಒಳ್ಳೆಯದು. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ರೋಗಾಣುಗಳು ಬೆಳೆಯುವ ಸಂಭವವುಂಟು.

ಮೂರನೆಯ ಸೂತ್ರ, ಬೇಕಾದ ಹೊತ್ತಿಗೇ ಬಿಸಿ. ‘ಗೀಸರನ್ನು ಆರಿಸಿ ಮತ್ತೆ ಹಚ್ಚಿದರೆ ಹೆಚ್ಚು ಕರೆಂಟು ತಿನ್ನುತ್ತದೆ, ದಿನವಿಡೀ ಹಚ್ಚಿಟ್ಟರೇ ಲಾಭ’ ಎಂಬ ಮಾತೊಂದು ಪ್ರಚಾರದಲ್ಲಿದೆ. ಇದು ನಿಜವಲ್ಲ. ತೂತಿರುವ ಕೊಡವನ್ನು ಸದಾ ತುಂಬಿಟ್ಟರೆ ಸದಾ ಸೋರುತ್ತದೆ. ಬೇಕಾದಾಗ ಮಾತ್ರ ತುಂಬಿಕೊಂಡರೆ ಅಷ್ಟು ಹೊತ್ತು ಮಾತ್ರ ಸೋರುತ್ತದೆ. ಗೀಸರಿನ ಹೊದಿಕೆ ಎಷ್ಟೇ ಚೆನ್ನಾಗಿರಲಿ, ಕಾವು ಸೋರುವುದು ತಪ್ಪುವುದಿಲ್ಲ. ಯಂತ್ರದ ಮೇಲೆ ಅಂಟಿಸಿರುವ ನಕ್ಷತ್ರಗಳ ಅರ್ಥವೂ ಇದೇ. ನೀರು ತುಂಬಿಟ್ಟು ಕಾಯಿಸುವ ಗೀಸರುಗಳಿಗೆ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಕೊಡುವ ಆ ನಕ್ಷತ್ರಗಳು, ಸುಮ್ಮನೆ ನಿಂತಾಗ ಒಂದು ದಿನದಲ್ಲಿ ಎಷ್ಟು ಕಾವು ಸೋರುತ್ತದೆಂಬುದನ್ನು ಅಳೆದು ಕೊಟ್ಟವು. ಹೆಚ್ಚು ನಕ್ಷತ್ರವೆಂದರೆ ಕಡಮೆ ಸೋರಿಕೆ. ನಮ್ಮ ಹಿರಿಯರ ಮಣ್ಣಿನ ಕಟ್ಟೆಯ ಕೆಲಸವನ್ನು ಇಲ್ಲಿ ಪಾತ್ರೆಗೂ ಹೊರಕವಚಕ್ಕೂ ನಡುವಣ ನೊರೆಯಂಥ ವಸ್ತು ಮಾಡುತ್ತದೆ.

2000 ವಾಟಿನ, 15 ಲೀಟರಿನ ಗೀಸರ್ 20 ಡಿಗ್ರಿಯ ನೀರನ್ನು 50 ಡಿಗ್ರಿಗೆ ಏರಿಸಲು ಸುಮಾರು 16 ನಿಮಿಷ, 60 ಡಿಗ್ರಿಗೆ ಏರಿಸಲು ಸುಮಾರು 21 ನಿಮಿಷ ಸಾಕು. ಎದ್ದು ಮುಖ ತೊಳೆದು ಕಾಫಿ ಕುಡಿಯುವಷ್ಟು ಹೊತ್ತು! ರಾತ್ರಿಯಿಂದಲೇ ಹಚ್ಚಿಡುವ ಅಗತ್ಯವೆಲ್ಲಿದೆ? ಸಂದೇಹವಿದ್ದವರು ತಮ್ಮ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ವಾರ ದಿನವಿಡೀ ಹಚ್ಚಿಟ್ಟು, ಮುಂದಿನ ವಾರ ಸ್ನಾನಕ್ಕೆ ಮುಂಚೆ ಮಾತ್ರ ಹಚ್ಚಿ, ಎರಡು ವಾರಗಳ ಮೀಟರಿನ ಅಂಕಿಗಳನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ, ನನ್ನ ಮಾತಿಗಿಂತ ಆ ಅಂಕಿಗಳೇ ಹೆಚ್ಚು ಸ್ಪಷ್ಟವಾಗಿ ಮಾತನಾಡುತ್ತವೆ. ಮನೆಮಂದಿಯ ಸ್ನಾನ ಒಂದರ ಹಿಂದೊಂದರಂತೆ ನಡೆದರೆ ಇನ್ನೂ ಉತ್ತಮ. ಅಪ್ಪ ಆರಕ್ಕೆ, ಮಗ ಎಂಟಕ್ಕೆ, ಅಜ್ಜ ಹತ್ತಕ್ಕೆ ಎಂದಾದರೆ ಉಳಿದ ಬಿಸಿ ಪ್ರತಿಸಲವೂ ಸ್ವಲ್ಪ ಸ್ವಲ್ಪ ಪೋಲಾಗುತ್ತದೆ.

ಇಲ್ಲಿ ಇನ್ನೆರಡು ತಪ್ಪು ತಿಳಿವಳಿಕೆಗಳನ್ನು ನಿವಾರಿಸಬೇಕು. ಹೆಚ್ಚು ವಾಟಿನ ಗೀಸರ್ ಹೆಚ್ಚು ಖರ್ಚಿನದೆಂದು ಕೆಲವರು ಹೆದರುತ್ತಾರೆ. 3000 ವಾಟಿನದು ಬೇಗ ಕಾಯಿಸಿ ಬೇಗ ನಿಲ್ಲುತ್ತದೆ, 2000 ವಾಟಿನದು ನಿಧಾನವಾಗಿ ಕಾಯಿಸುತ್ತದೆ. ಅದೇ ನೀರಿಗೆ ಯೂನಿಟ್ಟು ಒಂದೇ. ಹಾಗೆಯೇ ಹರಿಯುತ್ತಿದ್ದಂತೆಯೇ ನೀರನ್ನು ಕಾಯಿಸುವ ಚಿಕ್ಕ ಗೀಸರಿನಲ್ಲಿ ವಿದ್ಯುತ್ತು ಅರ್ಧಕ್ಕರ್ಧ ಉಳಿಯುತ್ತದೆಂಬುದೂ ಅತಿಶಯೋಕ್ತಿ. ಒಂದು ಬಕೆಟ್ಟಿಗೆ ಅಲ್ಲಿಯೂ ಅದೇ 0.35 ಯೂನಿಟ್ ಬೇಕು. ಅದರಲ್ಲಿ ಉಳಿಯುವುದು ನಿಂತ ನೀರಿನ ಸೋರಿಕೆ ಮಾತ್ರ. ಹೊತ್ತಿಗೆ ಸರಿಯಾಗಿ ಆರಿಸುವ ಅಭ್ಯಾಸವಿರುವ ಮನೆಯಲ್ಲಿ ಎರಡಕ್ಕೂ ಅಂತರ ಸ್ವಲ್ಪವೇ.

ಕೊಳವೆಯನ್ನೂ ಮರೆಯಬಾರದು. ಗೀಸರಿನಿಂದ ನಲ್ಲಿಯವರೆಗೆ 10 ಮೀಟರ್ ದೂರವಿದ್ದರೆ ಆ ಕೊಳವೆಯಲ್ಲಿ ಒಂದೆರಡು ಲೀಟರ್ ನೀರು ನಿಲ್ಲುತ್ತದೆ. ನಲ್ಲಿ ಮುಚ್ಚಿದ ಮೇಲೆ ಅದರ ಬಿಸಿಯೆಲ್ಲ ವ್ಯರ್ಥ. ಯಂತ್ರವನ್ನು ಬಚ್ಚಲಿನಲ್ಲೇ, ನಲ್ಲಿಗೆ ಸಮೀಪವಾಗಿ ಕೂರಿಸಬೇಕು. ಕೈ ತೊಳೆಯುವಂಥ ಕ್ಷಣದ ಕೆಲಸಕ್ಕೆ ಬಿಸಿನೀರಿನ ನಲ್ಲಿ ತಿರುಗಿಸಿದರೆ ಕೈಗೆ ಬರುವುದು ತಣ್ಣೀರು, ಕೊಳವೆಯಲ್ಲಿ ಉಳಿಯುವುದು ಬಿಸಿನೀರು! ಇನ್ನು ನಮ್ಮ ಕಡೆಯ ಕೊಳವೆಬಾವಿಗಳ ನೀರು ಗಡಸಾಗಿದ್ದಲ್ಲಿ, ಕಾಯಿಸುವ ಸುರುಳಿಯ ಮೇಲೆ ಸುಣ್ಣದ ಪೊರೆ ಕಟ್ಟುತ್ತದೆ. ಅದರಿಂದ ಸುರುಳಿ ಮಿತಿಮೀರಿ ಕಾದು ಬೇಗ ಸುಟ್ಟುಹೋಗುತ್ತದೆ. ವರ್ಷಕ್ಕೊಮ್ಮೆ ಬಲ್ಲ ಕೆಲಸಗಾರನಿಂದ ಬಿಚ್ಚಿಸಿ, ಪೊರೆ ತೆಗೆಸಿ, ತಳದ ಗಸಿಯನ್ನು ಹೊರಬಿಡಿಸಿದರೆ ಯಂತ್ರ ಬಹುಕಾಲ ಬಾಳುತ್ತದೆ.

ಸೂರ್ಯನಾರಾಯಣನ ಸಹಾಯವನ್ನೂ ಪಡೆಯಬಹುದು. ಬಿಸಿಲಿಗೆ ಒಡ್ಡಿದ ತೊಟ್ಟಿಯ ನೀರು ಸಂಜೆಗೆ 25 ಡಿಗ್ರಿಯಾಗಿದ್ದರೆ ಏರಿಸಬೇಕಾದುದು 20 ಡಿಗ್ರಿಯಲ್ಲ, 15 ಡಿಗ್ರಿ ಮಾತ್ರ. ಖರ್ಚಿನಲ್ಲಿ ಕಾಲುಭಾಗ ಉಳಿಯಿತು. ಹೊಲದಿಂದ ಬಂದು ಸಂಜೆಯೇ ಮೀಯುವ ರೈತನ ಪದ್ಧತಿಯಲ್ಲಿ ಈ ಲಾಭ ತಾನಾಗಿ ಸೇರಿದೆ. ಅನುಕೂಲವಿದ್ದವರು ಸೌರ ಜಲತಾಪಕವನ್ನು ಹಾಕಿಸಿಕೊಂಡು, ಮೋಡ ಮುಸುಕಿದ ದಿನಗಳಿಗೆ ಮಾತ್ರ ವಿದ್ಯುತ್ತನ್ನು ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಶ್ರೇಷ್ಠ.

ಈಗ ಹಣದ ಮಾತಿಗೆ ಬರೋಣ. ನಾವು ಗಡಿಯವರಾದುದರಿಂದ ನಮಗೆ ಎರಡು ಕಡೆಯ ಬಿಲ್ಲುಗಳೂ ಪರಿಚಿತ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವೂ ನಮ್ಮಂತೆಯೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ದಿನ ಅದು ಮೈಸೂರು ರಾಜ್ಯಕ್ಕೆ ಸೇರಿತು. ನಾವು ಈ ಕಡೆಯಲ್ಲಿ ಉಳಿದು, 1979ರಲ್ಲಿ ಕೊಯಮತ್ತೂರಿನಿಂದ ಬೇರ್ಪಟ್ಟ ಇಂದಿನ ಈರೋಡು ಜಿಲ್ಲೆಯವರಾದೆವು. ಹೀಗಾಗಿ ನೆಂಟರಿಷ್ಟರು ಎರಡು ರಾಜ್ಯಗಳಲ್ಲಿ ಹಂಚಿಹೋದರು, ವಿದ್ಯುತ್ತಿನ ದರಪಟ್ಟಿಗಳೂ ಎರಡಾದವು. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ಟುಗಳ ಮೇಲ್ಮಿತಿಯಿಟ್ಟು, ಅದನ್ನು ದಾಟಿದ ಮನೆ ಪೂರ್ತಿ ಬಿಲ್ಲನ್ನು ತೆರಬೇಕೆಂದು ವಿಧಿಸಿದರು. ತಮಿಳುನಾಡಿನಲ್ಲಿ 2016ರಲ್ಲಿ ಎರಡು ತಿಂಗಳ ಮೊದಲ 100 ಯೂನಿಟ್ಟುಗಳನ್ನು ಮನೆಗಳಿಗೆ ಉಚಿತಗೊಳಿಸಿದರು. ಐದು ಜನರ ಮಿತವಾದ ಸ್ನಾನಕ್ಕೇ 105 ಯೂನಿಟ್ ಎಂಬುದನ್ನು ನೆನೆದರೆ, ಆ ಉಚಿತದ ಪಾಲನ್ನು ಬಚ್ಚಲೊಂದೇ ನುಂಗಬಲ್ಲುದೆಂದು ತಿಳಿಯುತ್ತದೆ.

ಮೇಲಿನ ಯೂನಿಟ್ಟುಗಳ ದರ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ. ಇದರ ಪರಿಣಾಮವನ್ನು ತಮಿಳುನಾಡಿನ 2022ರ ಸೆಪ್ಟೆಂಬರ್ ದರಪಟ್ಟಿಯ ಒಂದು ನಿದರ್ಶನದಿಂದ ತೋರಿಸುತ್ತೇನೆ. ಎರಡು ತಿಂಗಳಲ್ಲಿ 500 ಯೂನಿಟ್ಟಿನೊಳಗೆ ನಿಂತ ಮನೆಗೆ 101ರಿಂದ 200ರವರೆಗಿನ ಯೂನಿಟ್ಟಿಗೆ 2 ರೂಪಾಯಿ 25 ಪೈಸೆ. ಆದರೆ 500ನ್ನು ದಾಟಿದ ಮನೆಗೆ ಅದೇ ನೂರು ಯೂನಿಟ್ಟಿಗೂ ತಲಾ 4 ರೂಪಾಯಿ 50 ಪೈಸೆ. ಅಂದರೆ 501ನೆಯ ಯೂನಿಟ್ಟು ತನ್ನ 8 ರೂಪಾಯಿಯ ಜೊತೆಗೆ ಹಿಂದಿನ 225 ರೂಪಾಯಿಯನ್ನೂ ಎಳೆದು ತರುತ್ತಿತ್ತು. ಒಂದೇ ಯೂನಿಟ್ಟಿಗೆ 233 ರೂಪಾಯಿ! ದರಗಳು ಕಾಲಕಾಲಕ್ಕೆ ಬದಲಾಗುವುದರಿಂದ ತಮ್ಮ ಇತ್ತೀಚಿನ ಬಿಲ್ಲನ್ನೇ ನೋಡಿಕೊಳ್ಳಬೇಕು. ಮೆಟ್ಟಿಲಿನ ಅಂಚಿನಲ್ಲಿ ನಿಂತ ಮನೆಗೆ ಮೂರು ಬಕೆಟ್ ಬಿಸಿನೀರಿನ ವ್ಯತ್ಯಾಸವೂ ದೊಡ್ಡದೆಂಬ ತತ್ತ್ವ ಮಾತ್ರ ನೆನಪಿರಲಿ.

ಹಣ ಉಳಿಸಲು ಹೋಗಿ ಪ್ರಾಣಕ್ಕೆ ಎರವಾಗಬಾರದು. ಗೀಸರ್ ಕೊಳ್ಳಲಾರದ ಮನೆಗಳಲ್ಲಿ ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಬಳಕೆಯಲ್ಲಿದೆ. ವಿದ್ಯುತ್ತಿನ ಲೆಕ್ಕದಲ್ಲಿ ಅದು ಮಿತವ್ಯಯದ್ದೇ. 1000 ವಾಟಿನ ಕಾಯಿಲ್ ಒಂದು ಬಕೆಟ್ಟನ್ನು ಸುಮಾರು 21 ನಿಮಿಷದಲ್ಲಿ ಸ್ನಾನಕ್ಕೆ ಹದಗೊಳಿಸುತ್ತದೆ. ಆದರೆ ಅದು ಹಚ್ಚಿರುವಾಗ ನೀರು ಬಿಸಿಯಾಗಿದೆಯೇ ಎಂದು ಬೆರಳದ್ದಿ ನೋಡುವುದು ಮೃತ್ಯುವನ್ನು ಕರೆದಂತೆ. ಮೊದಲು ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಕಿತ್ತು, ಕಾಯಿಲನ್ನು ಹೊರತೆಗೆದ ಮೇಲೆಯೇ ನೀರನ್ನು ಮುಟ್ಟಬೇಕು. ಲೋಹದ ಬಕೆಟ್ ಬೇಡ; ಮಕ್ಕಳು ಓಡಾಡುವೆಡೆ ಬೇಡ; ಹಚ್ಚಿ ಹೊರಗೆ ಹೋಗುವುದಂತೂ ಬೇಡವೇ ಬೇಡ. ಗೀಸರಿಗೆ ದೊಡ್ಡ ಮೂರು ಕಡ್ಡಿಯ 16 ಆಂಪಿಯರ್ ಸಾಕೆಟ್ಟೂ, ಸರಿಯಾದ ಅರ್ತ್ ತಂತಿಯೂ, ವಿದ್ಯುತ್ ಸೋರಿದೊಡನೆ ಕಡಿದುಹಾಕುವ ಆರ್‌.ಸಿ.ಸಿ.ಬಿ. ಸಾಧನವೂ ಇರಲೇಬೇಕು. ಒತ್ತಡ ಮೀರಿದರೆ ತೆರೆದುಕೊಳ್ಳುವ ಕವಾಟ ತೊಟ್ಟಿಕ್ಕುತ್ತದೆಂದು ಅದನ್ನು ಮುಚ್ಚಿಹಾಕಬಾರದು. ತೊಟ್ಟಿಯಲ್ಲಿ ನೀರಿಲ್ಲದಾಗ ಗುಂಡಿ ಒತ್ತಬಾರದು. ಇವುಗಳಿಗೆ ಮಾಡುವ ವೆಚ್ಚ ವೆಚ್ಚವಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ‘ಇದೆಲ್ಲ ಏತಕ್ಕೆ, ಸೌದೆಗೇ ಹಿಂದಿರುಗೋಣ’ ಎಂದು ಯಾರಾದರೂ ಹೇಳಬಹುದು. ಕಲ್ಲಿದ್ದಲನ್ನು ಸುಟ್ಟು ವಿದ್ಯುತ್ತು ಮಾಡುವಾಗ ಅದರ ಕಾವಿನಲ್ಲಿ ಮೂರರಲ್ಲೊಂದು ಪಾಲಷ್ಟೇ ವಿದ್ಯುತ್ತಾಗುತ್ತದೆಂಬುದು ನಿಜ. ಆ ದೃಷ್ಟಿಯಿಂದ ವಿದ್ಯುತ್ತಿನಿಂದ ನೀರು ಕಾಯಿಸುವುದು ದುಬಾರಿಯ ಕಾರ್ಯವೇ. ಆದರೆ ನಮ್ಮ ಸುತ್ತಣ ಸತ್ಯಮಂಗಲದ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿದೆ. ಅದು ಆನೆಗಳ ಬೀಡು. ಸೌದೆಯ ಹೊರೆಗಾಗಿ ಕಾಡಿನ ಅಂಚಿಗೆ ಹೋಗುವವರು ಹೆಚ್ಚಾಗಿ ನಮ್ಮ ಹೆಣ್ಣುಮಕ್ಕಳು. ಆ ದಾರಿಯ ಭಯ, ತಲೆಯ ಮೇಲಣ ಭಾರ, ಒಲೆಯ ಮುಂದಣ ಹೊಗೆ, ಇವು ಯಾವ ಬಿಲ್ಲಿನಲ್ಲಿಯೂ ಅಚ್ಚಾಗುವುದಿಲ್ಲ. ವಿದ್ಯುತ್ತು ಅವರ ಹೊರೆಯನ್ನು ಇಳಿಸಿತು. ಅದನ್ನು ಪೋಲು ಮಾಡಿ, ಬಿಲ್ಲಿಗೆ ಹೆದರಿ, ಮತ್ತೆ ಅವರನ್ನೇ ಕಾಡಿಗಟ್ಟುವಂತಾಗಬಾರದು. ಮಿತವ್ಯಯದ ನಿಜವಾದ ಪ್ರಯೋಜನ ಇದು.

ಕೊನೆಯದಾಗಿ, ಬಹು ಮುಖ್ಯವಾದ ಒಂದು ಮಾತು. ಮಿತವ್ಯಯವೆಂದರೆ ಮನೆಯಲ್ಲಿ ಯಾರೋ ಒಬ್ಬರು ತಣ್ಣೀರು ಸುರಿದುಕೊಳ್ಳುವುದಲ್ಲ. ಎಲ್ಲರಿಗೂ ಬಡಿಸಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ಕಟ್ಟಕಡೆಗೆ ಬಚ್ಚಲಿಗೆ ಹೋಗುವ ಸೊಸೆಗೆ ಬಿಸಿನೀರು ಮುಗಿದಿರುತ್ತದೆ. ಆಕೆ ಮತ್ತೆ ಗುಂಡಿ ಒತ್ತಿದರೆ ‘ಕರೆಂಟು ದಂಡ’ ಎಂಬ ಮಾತು ಬರುತ್ತದೆ. ಮೊದಲು ಹೋದವರು 25 ಲೀಟರ್ ಸುರಿದುಕೊಂಡುದು ಯಾರ ಲೆಕ್ಕಕ್ಕೂ ಬರುವುದಿಲ್ಲ! ತಲೆಗೆ ಒಂದು ಬಕೆಟ್ ಎಂಬುದು ಸಮನಾದ ಪಾಲು. ಬಾಣಂತಿಗೆ, ಹಸುಗೂಸಿಗೆ, ಕೀಲುನೋವಿನ ಅಜ್ಜಿಗೆ ಲೆಕ್ಕ ಬೇಡ. ಅವರಿಗೆ ಬೇಕಾದಷ್ಟು ಕೊಡಲೆಂದೇ ಉಳಿದವರು ಲೆಕ್ಕವಿಡಬೇಕು. ಹಬ್ಬದ ಎಣ್ಣೆನೀರಿಗೂ ರಿಯಾಯಿತಿಯಿರಲಿ. ದೀಪಾವಳಿ ಮುಗಿದೊಡನೆ ಬರುವ ನಮ್ಮ ಗುಮಟಾಪುರದ ಗೋರೆ ಹಬ್ಬದಲ್ಲಿ ಮೈತುಂಬ ಸಗಣಿ ಮೆತ್ತಿಕೊಂಡು ಬಂದವರಿಗೆ 15 ಲೀಟರಿನ ಸೂತ್ರವನ್ನು ಬೋಧಿಸುವಷ್ಟು ಅರಸಿಕ ನಾನಲ್ಲ.

ಕಾವೇರಿಯ ನೀರು ಶಿವನಸಮುದ್ರದಲ್ಲಿ ಧುಮುಕಿ 1902ರಲ್ಲಿ ವಿದ್ಯುತ್ತಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿಗೆ ಬೆಳಕಾಯಿತು. ನೀರಿನಿಂದ ವಿದ್ಯುತ್ತನ್ನು ಪಡೆಯಲು ಅಂದು ಪಟ್ಟ ಶ್ರಮ ಅಪಾರ. ಇಂದು ನಾವು ಬೆರಳ ತುದಿಯಿಂದ ವಿದ್ಯುತ್ತನ್ನು ನೀರಿಗಿಳಿಸುತ್ತಿದ್ದೇವೆ. ಬೇಕಾದಷ್ಟು ನೀರು, ಬೇಕಾದಷ್ಟು ಬಿಸಿ, ಬೇಕಾದ ಹೊತ್ತಿಗೆ ಎಂಬ ಈ ಮೂರು ಮಾತುಗಳನ್ನು ಬಚ್ಚಲುಮನೆಯ ಬಾಗಿಲ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಬೇಕೆಂದೂ, ಮನೆಯ ಮಕ್ಕಳಿಂದ ವಾರಕ್ಕೊಮ್ಮೆ ಮೀಟರಿನ ಅಂಕಿಯನ್ನು ಬರೆಯಿಸಬೇಕೆಂದೂ ತಾಯಂದಿರಲ್ಲಿ ವಿನಂತಿಸಿಕೊಳ್ಳುತ್ತೇನೆ. ಹನಿಗೂಡಿದರೆ ಹಳ್ಳವೆಂಬ ಗಾದೆ ಬಿಸಿನೀರಿನ ಹನಿಗೂ ಸಲ್ಲುತ್ತದೆ.